ಅರ್ಧ ತುಂಬಿದ ಉಡಿ

ಪುಲಿಗೆರೆಯ ಗರ್ಭಗೃಹದಲ್ಲಿ ಗಿರಿಜೆಯೊಡನೆ ನಂದಿಯನ್ನೇರಿ ಕುಳಿತಿರುವ ಸೋಮನಾಥನಿಗೆ ಮೊದಲ ನಮಸ್ಕಾರ. ಮೂರು ಪುರಗಳನ್ನು ಸುಡುವ ಬಾಣ ಕೈಯಲ್ಲಿದ್ದರೂ ಸತಿಯನ್ನು ಹಿಂದೆ ಬಿಟ್ಟು ಎಲ್ಲಿಗೂ ಹೊರಡದವನು, ಆಕೆಯ ಇಂಗಿತವನ್ನು ಆಕೆ ನುಡಿಯುವ ಮುನ್ನವೇ ಅರಿಯುವವನು, ಈ ಕಥೆ ಹೇಳುವ ನಾಲಗೆಗೆ ಸತ್ಯವನ್ನೂ ಕೇಳುವ ಕಿವಿಗೆ ತಾಳ್ಮೆಯನ್ನೂ ಕರುಣಿಸಲಿ.

ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಅಲ್ಲಿನ ಹಳೆಯ ಬಜಾರದಲ್ಲಿ, ಕಾಳಿನ ಅಂಗಡಿಗಳ ಸಾಲು ಮುಗಿಯುವಲ್ಲಿ, ಹುಚ್ಚೀರಪ್ಪನವರ ಬಂದೂಕಿನ ಅಂಗಡಿ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದು ಬಂದೂಕು ಇಟ್ಟುಕೊಂಡ ರೈತರು ಶಿರಹಟ್ಟಿ, ಮುಂಡರಗಿ, ಗದಗ ಸೀಮೆಯಿಂದೆಲ್ಲ ಕಾಡತೂಸಿಗಾಗಿ ಅಲ್ಲಿಗೇ ಬರುತ್ತಿದ್ದರು. ಅಷ್ಟು ದೊಡ್ಡ ಅಂಗಡಿ ಈ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಎರಡಕ್ಕೂ ನಡುವೆ ಒಂದು ಬಾಗಿಲು. ಹುಚ್ಚೀರಪ್ಪನವರ ಹೆಂಡತಿ ಗುರುಸಿದ್ದವ್ವ ನಲವತ್ತೆರಡು ವರ್ಷ ಆ ಬಾಗಿಲಿನ ಈಚೆಗೇ ಬಾಳಿದವಳು. ಆಚೆಗೆ ಏನು ಮಾರುತ್ತಾರೆ, ಯಾರಿಗೆ ಮಾರುತ್ತಾರೆ ಎಂದು ಆಕೆ ಕೇಳಿದವಳಲ್ಲ. ಬಾಯಾರಿ ಬಂದವರಿಗೆ ನೀರು ಕೊಡುವುದಷ್ಟೇ ತನ್ನ ಕೆಲಸವೆಂದು ನಂಬಿದ್ದಳು.

ಮುಂಗಾರಿಗೆ ಮೊದಲ ಒಂದು ಮಧ್ಯಾಹ್ನ, ಶಿರಹಟ್ಟಿ ಕಡೆಯ ರೈತನೊಬ್ಬ ಹೆಂಡತಿಯೊಡನೆ ಬಂದನು. ಅವನು ಅಂಗಡಿಯಲ್ಲಿ ಕಾಡತೂಸು ಕೊಳ್ಳುತ್ತಿರುವಾಗ, ಹಸಿರು ಇಳಕಲ್ ಸೀರೆಯ ಆ ಹೆಣ್ಣುಮಗಳು ನಡುಬಾಗಿಲಿಗೆ ಬಂದು ನೀರು ಕೇಳಿದಳು. ಗುರುಸಿದ್ದವ್ವ ತಂಬಿಗೆ ಕೊಟ್ಟಳು. ಅವಳು ಕುಡಿದು ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಳು.

"ಬಿಸಲ ಭಾಳ ಐತಿ ನೋಡವಾ ಈ ವರ್ಷ" ಎಂದು ಗುರುಸಿದ್ದವ್ವ ಮೂರನೆಯ ಸಲವೂ ತುಂಬಿ ಕೊಟ್ಟು, ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಳಗೆ ಹೋದಳು. ಮರಳಿ ಬಂದಾಗ ತಂಬಿಗೆ ಹೊಸ್ತಿಲ ಮೇಲಿತ್ತು. ಅದರ ನೀರು ಹಾಗೆಯೇ ಇತ್ತು.

ಮೂರು ದಿನದ ಮೇಲೆ ದಸ್ತಗೀರಸಾಬ ಬಂದನು. ಮೂವತ್ತು ವರ್ಷಗಳಿಂದ ಆ ಅಂಗಡಿಯಲ್ಲಿ ಬಂದೂಕು ರಿಪೇರಿ ಮಾಡುವವನು ಅವನು. ಬಂದೊಡನೆ ಚಹಾ ಕೇಳುವವನು ಆ ದಿನ ಕೂರಲೂ ಇಲ್ಲ.

"ಸಾವಕಾರ್ರ, ಮೊನ್ನೆ ಹಸರ ಸೀರಿ ಹೆಣ್ಮಗಳು ಬಂದಿದ್ಲಲ್ರಿ... ಗಂಡ ಹೊಡದ ಹಾಕ್ಯಾನ್ರಿ. ನಾವ ಕೊಟ್ಟ ಕಾಡತೂಸಿಲೆ."

ಪೊಲೀಸರು ಬಂದು ಮಾರಾಟದ ಪುಸ್ತಕ ನೋಡಿದರು. ಲೈಸೆನ್ಸ್ ನಂಬರ್, ಸಹಿ, ತಾರೀಖು ಎಲ್ಲ ಸರಿಯಾಗಿತ್ತು. ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲ ಎಂದು ಹೇಳಿ ಚಹಾ ಕುಡಿದು ಹೋದರು. ಹುಚ್ಚೀರಪ್ಪನವರು ಮೂರು ದಿನ ಅಂಗಡಿ ತೆರೆಯಲಿಲ್ಲ. ಗುರುಸಿದ್ದವ್ವ ಆ ತಂಬಿಗೆಯನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು, ಕೊನೆಗೆ ಅಟ್ಟದ ಮೇಲೆ ಎತ್ತಿಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಾಗ ಹುಚ್ಚೀರಪ್ಪನವರು ರೊಟ್ಟಿ ಮುರಿಯದೆ ಹೇಳಿದರು: "ಇನ್ನ ಮ್ಯಾಲ ಗಂಡಸು ಒಬ್ಬನ ಬಂದ್ರ ಕಾಡತೂಸ ಇಲ್ಲ. ಮನಿ ಹೆಣ್ಮಗಳು ಸಂಗಾಟ ಬರಬೇಕು. ಕೊಡ್ರಿ ಅಂತ ತನ್ನ ಬಾಯಿಲೆ ಹೇಳಬೇಕು. ಕೊಟ್ರೂ ಒಮ್ಮೆಗೆ ಹತ್ತರ ಮ್ಯಾಲ ಇಲ್ಲ. ಹಂಗಂತ ಬೋರ್ಡ ಬರಸ್ತೀನಿ."

ಮಗ ಸಿದ್ದಾರೂಢ ಪಲ್ಯದಲ್ಲಿದ್ದ ಕೈ ತೆಗೆದನು. ಅಂಗಡಿಯ ಓಡಾಟವೆಲ್ಲ ಈಗ ಅವನದೇ. "ಅಪ್ಪಾ, ನಮ್ದು ಬಂದೂಕಿನ ಅಂಗಡೀನೋ ಬಳಿಗಾರನ ಅಂಗಡೀನೋ? ಹೆಣ್ಮಕ್ಕಳನ್ನ ಸಾಲಾಗಿ ಕುಂಡ್ರಸಾಕ?"

"ಬಳಿಗಾರನ ಅಂಗಡಿಗೆ ಹೋದಾಕಿ ಜೀವಂತ ಮನಿಗೆ ಬರತಾಳ."

"ಹಂದಿ ಹೊಲಾ ಹೊಕ್ಕು ಗೋವಿನಜೋಳ ಕೆಡವಿ ಹೋದ್ರ ರೈತ ಯಾರನ್ನ ಕೇಳಬೇಕ್ರಿ? ಅವನ ಹೆಂಡ್ತಿಗೆ ಜ್ವರಾ ಬಂದಿದ್ರ? ಮಂದಿ ಹುಬ್ಬಳ್ಳಿಗೆ ಹೋಗತಾರ, ಅಷ್ಟ."

"ಹೋಗ್ಲಿ ಬಿಡು."

"ಹೋಗ್ಲಿ ಬಿಡು ಅಂದ್ರ ಮನಿ ನಡೀತೈತಿ?"

ಸೊಸೆ ವಾಣಿಶ್ರೀ ರೊಟ್ಟಿ ಬಡಿಸುತ್ತ ನಕ್ಕಳು. ಮಾತು ತಡೆದಿಟ್ಟುಕೊಂಡು ಗೊತ್ತಿಲ್ಲದವಳು ಅವಳು. "ಹತ್ತ ವರ್ಷಾತು ನಾ ಈ ಮನಿಗೆ ಬಂದು. ನಿಮ್ಮ ಮಗಾ ನನ್ನ ಕೇಳಿ ಒಂದ ಸೀರಿ ತಂದವರಲ್ಲ. ಈಗ ಕಾಡತೂಸಿಗೆ ಹೆಣ್ಮಕ್ಕಳ ಒಪ್ಪಿಗಿ! ಮಾವಾರ, ಅಂಥಾದ ಬೋರ್ಡ ಸೀರಿ ಅಂಗಡಿಗೂ ಒಂದ ಬರಸ್ರಿ."

ಸಿದ್ದಾರೂಢನಿಗೂ ನಗೆ ಬಂದಿತು. ಗುರುಸಿದ್ದವ್ವ ಮಾತ್ರ ನಗಲಿಲ್ಲ. ಆಕೆಯ ಕಣ್ಣು ಹೊಸ್ತಿಲ ಮೇಲಿತ್ತು.

ಬೋರ್ಡು ಬಂದಿತು. ಸೀಮೆಯೆಲ್ಲ ಮಾತಾಡಿಕೊಂಡಿತು. ಕೆಲವರು ಬೈದರು, ಕೆಲವರು ಹುಬ್ಬಳ್ಳಿಯ ಬಸ್ಸು ಹತ್ತಿದರು, ಹೆಚ್ಚಿನವರು ಹೆಂಡತಿಯನ್ನೋ ತಾಯಿಯನ್ನೋ ಕರೆದುಕೊಂಡು ಬಂದರು. ಅಸುಂಡಿಯ ಲಕ್ಕಪ್ಪ ತನ್ನ ಹೆಂಡತಿ ಸಾವಕ್ಕನೊಡನೆ ಬಂದ ದಿನ ಬಜಾರಕ್ಕೆ ಬಜಾರವೇ ನಕ್ಕಿತು.

"ಲಕ್ಕಪ್ಪಗ ಕಾಡತೂಸ ಕೊಡಲೇನವಾ?" ಎಂದು ಹುಚ್ಚೀರಪ್ಪನವರು ಕೇಳಿದರು.

"ಅಗದೀ ಬ್ಯಾಡ್ರಿ ಸಾವಕಾರ್ರ!"

"ಲೇ ಸಾವಕ್ಕ, ಏನ ಮಾತಾಡತಿ?" ಲಕ್ಕಪ್ಪ ಬೆರಗಾದನು.

"ಹೋದ ಸಲ ಹಂದಿ ಅಂತ ಹೊಡದು ನಮ್ಮಣ್ಣನ ಎಮ್ಮಿ ಕಿವಿ ಹರದಾನ್ರಿ ಇಂವಾ! ಕಣ್ಣಿಗೆ ಚಾಳೀಸ ಹಾಕ್ಕೊಂಡ ಬರೂತನಕ ಒಂದೂ ಕೊಡಬ್ಯಾಡ್ರಿ. ಇಲ್ಲಂದ್ರ ಮುಂದಿನ ಸಲ ನಮ್ಮಣ್ಣನ್ನ ಹೊಡೀತಾನ."

ಲಕ್ಕಪ್ಪನೂ ನಕ್ಕನು. ಇಬ್ಬರೂ ಎದುರಿನ ಅಂಗಡಿಯಲ್ಲಿ ಮಿರ್ಚಿ ತಿಂದು, ಬೈದಾಡುತ್ತಲೇ ಬಸ್ಸಿಗೆ ಹೋದರು. ಹುಚ್ಚೀರಪ್ಪನವರಿಗೆ ಅಂದು ಬಹಳ ಸಂತೋಷ. ತಮ್ಮ ನಿಯಮ ಫಲ ಕೊಟ್ಟಿತೆಂದು ಸೋಮೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿ ಬಂದರು.

ಆದರೆ ಬ್ಯಾಡ ಎಂದವಳು ಸಾವಕ್ಕ ಒಬ್ಬಳೇ. ಉಳಿದವರೆಲ್ಲ ಕೊಡ್ರಿ ಎಂದೇ ಹೇಳಿದರು. ಗುರುಸಿದ್ದವ್ವ ನಡುಬಾಗಿಲಲ್ಲಿ ಕಾಳು ಹಸನು ಮಾಡುತ್ತ ಕುಳಿತು ಅವರ ದನಿಗಳನ್ನು ಕೇಳುತ್ತಿದ್ದಳು. ಮುಂಡರಗಿ ಕಡೆಯ ದುರ್ಗೇಶನ ಹೆಂಡತಿ ನಾಗರತ್ನಾ ಬಂದ ದಿನ ಆಕೆಯ ಕೈ ಮೊರದಲ್ಲೇ ನಿಂತಿತು. ನಾಗರತ್ನಾ ಕೊಡ್ರಿ ಎಂದಳು. ಹೇಳುವಾಗ ಅವಳ ಕಣ್ಣು ಗಂಡನ ಚಪ್ಪಲಿಯ ಮೇಲಿತ್ತು. ಹೇಳಿ ಮುಗಿಸಿದವಳೇ ನಡುಬಾಗಿಲಿಗೆ ಬಂದು, "ಯವ್ವಾ, ಸ್ವಲ್ಪ ನೀರ ಕೊಡ್ರಿ" ಎಂದಳು.

ಗುರುಸಿದ್ದವ್ವ ನೀರು ಕೊಟ್ಟಳು. ನಾಗರತ್ನಾ ಕುಡಿದಳು. ಹೋಗಲಿಲ್ಲ. "ಇನ್ನ ಸ್ವಲ್ಪ" ಎಂದಳು.

ಹೆಂಡತಿಯನ್ನು ಕರೆತಂದವನು ಗಂಡನೇ. ಅವನೆದುರಿಗೇ ಕೇಳಿದರೆ ಅವಳು ಬೇರೆ ಏನು ಹೇಳಿಯಾಳು? ಬ್ಯಾಡ ಎಂದರೆ ಅವನೊಡನೆಯೇ ತಿರುಗಿ ಮನೆಗೆ ಹೋಗಬೇಕಲ್ಲ! ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು, ಅಂಗಡಿಗೆ ಕೇಳುವಂತೆ ದನಿಯೆತ್ತಿ ಹೇಳಿದಳು: "ಒಳಗ ಬಾರವಾ. ಮನಿಗೆ ಬಂದ ಹೆಣ್ಮಗಳು ಬರೇ ನೀರ ಕುಡದು ಹೋಗಬಾರದು. ಉಡಿ ತುಂಬತೀನಿ."

ಉಡಿ ತುಂಬುವುದಕ್ಕೆ ಯಾವ ಗಂಡಸೂ ಅಡ್ಡ ಬರಲಾರನು. ನಾಗರತ್ನಾ ಒಳಗೆ ಬಂದು ದೇವರ ಮುಂದೆ ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ಐದು ಹಿಡಿ ಅಕ್ಕಿ ಹಾಕಿ, ತಾಟಿನಲ್ಲಿ ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಅರಿಶಿಣದ ಕೊಂಬು ಇಟ್ಟು ಮುಂದೆ ಹಿಡಿದು, ಗುರುಸಿದ್ದವ್ವ ತುಟಿ ಅಲುಗಿಸದೆ ಹೇಳಿದಳು:

"ಕಾಡತೂಸ ಕೊಡಬಾರದು ಅಂತಿದ್ರ ಅರಿಶಿಣ ಕೊಂಬ ತಾಟಿನ್ಯಾಗ ಬಿಡು. ಬಾಯಿಲೆ ಏನೂ ಅನಬ್ಯಾಡ. ನಿನ್ನ ಮ್ಯಾಲ ಬರಲಾರದಂಗ ನಾ ನೋಡಕೋತೀನಿ."

ನಾಗರತ್ನಾ ಒಂದೊಂದಾಗಿ ಎಲ್ಲವನ್ನೂ ಎತ್ತಿ ಉಡಿಗೆ ಹಾಕಿಕೊಂಡಳು. ತಾಟಿನಲ್ಲಿ ಅರಿಶಿಣದ ಕೊಂಬು ಒಂದೇ ಉಳಿಯಿತು.

ನಲವತ್ತೆರಡು ವರ್ಷಗಳಲ್ಲಿ ಮೊದಲ ಸಲ ಗುರುಸಿದ್ದವ್ವ ಅಂಗಡಿಯೊಳಕ್ಕೆ ಕಾಲಿಟ್ಟು ಗಂಡನಿಗೆ ಹೇಳಿದಳು: "ಇವತ್ತ ದಿನಾ ಚಲೋ ಇಲ್ರಿ. ಕಪಾಟ ತಗೀಬ್ಯಾಡ್ರಿ." ದುರ್ಗೇಶ ಗೊಣಗಿದನು, ಮುದುಕಿಗೆ ಪಂಚಾಂಗದ ಹುಚ್ಚೆಂದುಕೊಂಡು ಹೋದನು.

ನಿಜ ತಿಳಿದಾಗ ಹುಚ್ಚೀರಪ್ಪನವರು ಸಿಟ್ಟಾದರು. "ಇಷ್ಟಲಿಂಗ ಅಂಗೈಯಾಗ ಹಿಡದ ಕುಂಡ್ರಾಂವ ನಾನು. ನನ್ನ ಅಂಗಡ್ಯಾಗ ಸುಳ್ಳ ನಡಸ್ತಿಯೇನು?"

"ಸುಳ್ಳ ಯಾಕ್ರಿ? ಒಬ್ಬ ಹೆಣ್ಮಗಳು ಅಂಜಿ ನೀರ ಕೇಳಿದ ದಿನಾ ಚಲೋ ದಿನಾ ಹೆಂಗ ಆದೀತು? ಒಮ್ಮೆ ನೀರ ಕೊಟ್ಟ ಸುಮ್ಮನಾಗಿ ನೋಡೇನಿ ನಾನು."

ಹುಚ್ಚೀರಪ್ಪನವರು ಉಡದಾರದಿಂದ ಕಾಡತೂಸಿನ ಕಪಾಟಿನ ಕೀಲಿ ಬಿಚ್ಚಿ ಆಕೆಯ ಮುಂದೆ ಇಟ್ಟರು. ಅಂದಿನಿಂದ ಬಂದ ಹೆಣ್ಣುಮಗಳಿಗೆ ಮೊದಲು ಉಡಿ ತುಂಬುವುದು, ಉಡಿ ಮುಗಿದ ಮೇಲೆಯೇ ಕಪಾಟು ತೆರೆಯುವುದು ರೂಢಿಯಾಯಿತು. ಗಂಡನಿಲ್ಲದವರಿಗೂ ಗುರುಸಿದ್ದವ್ವ ಉಡಿ ತುಂಬಿದಳು. ಓಣಿಯ ಹೆಂಗಸರು ಆಡಿಕೊಂಡರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ವಾರಗಳಲ್ಲಿ ಮೂರು ಕೊಂಬುಗಳು ತಾಟಿನಲ್ಲಿ ಉಳಿದವು. ಒಂದು ಶುಕ್ರವಾರದ ಸಂತೆಗೆ ನಾಗರತ್ನಾ ಒಬ್ಬಳೇ ಬಂದು, ಒಂದು ಕಟ್ಟು ಮೆಂತೆಯ ಸೊಪ್ಪನ್ನು ಹೊಸ್ತಿಲ ಮೇಲಿಟ್ಟು ಹೋದಳು.

ಆಷಾಢದಲ್ಲಿ ಒಂದು ದಿನ ಅಳಿಯ ಬಂದನು.

ಹುಚ್ಚೀರಪ್ಪನವರ ಮಗಳು ಸ್ನೇಹಾಳನ್ನು ಹಿರೇವಡ್ಡಟ್ಟಿಯ ದೊಡ್ಡ ಹಿಡುವಳಿಯ ಮನೆಗೆ ಕೊಟ್ಟು ಆರು ವರ್ಷ. ಅಳಿಯ ಶಿವಯೋಗಿ ಎತ್ತರದ ಆಳು; ಮೆಲುದನಿಯವನು; ಯಾರೆದುರಿಗೂ ಗಟ್ಟಿಯಾಗಿ ಮಾತಾಡಿದವನಲ್ಲ. ಸ್ನೇಹಾ ಮುಂಡರಗಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹೋದ ವರ್ಷ ಅವನು ಬಿಡಿಸಿದ್ದನು. ಯಾಕೆಂದು ಕೇಳಿದವರಿಗೆ, ಬಿಸಿಲಿನಲ್ಲಿ ಬಸ್ಸಿಗೆ ಓಡಾಡಿ ಸಣಕಲಾಗಿದ್ದಳು ಎಂದು ಅಷ್ಟೇ ಮೆಲ್ಲಗೆ ಹೇಳಿದ್ದನು.

"ಮಾವಾರ, ಕಾಡತೂಸ ಮುಗದಾವ್ರಿ. ಒಂದ ಇಪ್ಪತ್ತೈದ ಕೊಡ್ರಿ."

"ಸ್ನೇಹಾನ್ನ ಕರಕೊಂಡ ಬರ್ರಿ, ಹತ್ತ ಕೊಡತೀನಿ" ಎಂದರು ಹುಚ್ಚೀರಪ್ಪನವರು. "ಸಿಟ್ಟಾಗಬ್ಯಾಡ್ರಿ. ಮಂದಿಗೊಂದ ಕಾಯದೆ, ಅಳಿಯಂದ್ರಿಗೊಂದ ಕಾಯದೆ ಆಗಬಾರದು."

ಶಿವಯೋಗಿ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದನು. "ಖರೆ ಮಾತ್ರಿ" ಎಂದು ನಕ್ಕನು. ಅತ್ತೆ ಕೊಟ್ಟ ಚಹಾ ಕುಡಿಯದೆ ಹೋದನು.

ಅಂದಿನಿಂದ ಸ್ನೇಹಾಳ ಫೋನು ಬರುವುದು ಕಡಿಮೆಯಾಯಿತು. ಬಂದರೂ ಅವಳ ದನಿ ಬಾವಿಯ ಒಳಗಿನಿಂದ ಬಂದಂತೆ ಕೇಳುತ್ತಿತ್ತು.

"ಯಾಕವಾ, ದನಿ ಹಿಂಗ ಬರತೈತಿ?"

"ಸ್ಪೀಕರ್ ಹಚ್ಚೇನಿ ಯವ್ವಾ. ಕೈಯಾಗ ಕೆಲಸಾ ಐತಿ."

ಕೈಯಲ್ಲಿ ಕೆಲಸವಿದ್ದರೆ ಪಾತ್ರೆಯ ಸಪ್ಪಳವಾದರೂ ಕೇಳಬೇಕಲ್ಲ ಎಂದುಕೊಂಡಳು ಗುರುಸಿದ್ದವ್ವ. ಅಲ್ಲಿ ಏನೂ ಕೇಳುತ್ತಿರಲಿಲ್ಲ. ಒಂದು ದಿನ ವಾಣಿಶ್ರೀ ಹಪ್ಪಳ ಒಣಹಾಕುತ್ತ ನಾದಿನಿಯೊಡನೆ ಫೋನಿನಲ್ಲಿ ಹರಟುತ್ತಿದ್ದಳು. ಅತ್ತೆಯ ಜಾಣತನದ ಹೆಮ್ಮೆ ಅವಳಿಗೆ. ಅರಿಶಿಣದ ಕೊಂಬಿನ ಕಥೆಯನ್ನೆಲ್ಲ ನಗುನಗುತ್ತ ಹೇಳಿಬಿಟ್ಟಳು. ಆ ಕಡೆಯಿಂದ ನಗೆ ಬರಲಿಲ್ಲ. "ಆತು ವೈನಿ, ಇಡತೀನಿ" ಎಂದಷ್ಟೇ ಬಂತು.

ಪಂಚಮಿಗೆ ತಂಗಿಯನ್ನು ಕರೆತರಲು ಸಿದ್ದಾರೂಢ ಹಿರೇವಡ್ಡಟ್ಟಿಗೆ ಹೋದನು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿಟ್ಟು ಗುರುಸಿದ್ದವ್ವ ದಾರಿ ಕಾಯ್ದಳು. ಅವನು ಒಬ್ಬನೇ ಮರಳಿದನು.

"ಬಿತ್ತಿದ್ದ ಬೆಳಿ ಕೈಗೆ ಬರೂ ಹೊತ್ತು, ಆಳಿಗೆ ಬುತ್ತಿ ಕಟ್ಟೂದು ಅವರವ್ವ ಒಬ್ಬಾಕಿಗೆ ಆಗೂದಿಲ್ಲ ಅಂದ್ರು ಭಾವಾರು."

"ಆಕಿ ಏನಂದ್ಲು?"

"ಆಕಿ ಎದರಿಗೆ ಬರಲಿಲ್ಲ. ಮೈಯಾಗ ಆರಾಮಿಲ್ಲಂತ. ನನಗ ಊಟಾ ಭಾವಾರ ಬಡಿಸಿದ್ರು. ಭಾಳ ಮರ್ಯಾದಿ ಮಾಡಿದ್ರು." ಅವನು ಕಾಲು ತೊಳೆಯುತ್ತ ತಡೆದನು. "ಬಂದೂಕ ಮೊದಲ ಪಡಸಾಲಿ ಗ್ವಾಡಿಗೆ ಮ್ಯಾಲ ತೂಗತಿತ್ತು. ಈಗ ಕೆಳಗ ಒರಗಿಸಿಟ್ಟಾರ."

"ಯಾವ ಗ್ವಾಡಿಗೆ?"

"ಅಡಿಗಿ ಮನಿ ಬಾಗಲ ಬಾಜೂಕ."

ಉಂಡಿಯ ಡಬ್ಬಿಯನ್ನು ಆ ಹಬ್ಬದಲ್ಲಿ ಯಾರೂ ತೆರೆಯಲಿಲ್ಲ.

"ಠಾಣೆಗೆ ಹೇಳೋಣ್ರಿ" ಎಂದು ಗುರುಸಿದ್ದವ್ವ ಗಂಡನಿಗೆ ಹೇಳಿದಳು. "ಏನಂತ ಹೇಳೂದು? ಗ್ವಾಡಿಗೆ ಬಂದೂಕ ಒರಗಿಸ್ಯಾನಂತ ಹೇಳೂದು?" ಎಂದರು ಅವರು. "ಮಗಳ ಬಾಯಿಂದ ಒಂದ ಮಾತ ಬರದ ಅಳಿಯನ್ನ ಬಜಾರಕ್ಕ ನಿಲ್ಲಸಲೇನು?"

"ಬಾಯಿಂದ ಬರೂದಿಲ್ರಿ. ನಿಮಗ ಇನ್ನೂ ತಿಳೀಲಿಲ್ಲ?"

ಮರುದಿನ ಪೂಜೆಗೆ ಕುಳಿತ ಹುಚ್ಚೀರಪ್ಪನವರು ಎರಡು ತಾಸು ಏಳಲಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು. ಆ ಹೊತ್ತಿಗೆ ಅಸುಂಡಿಯ ಲಕ್ಕಪ್ಪ ಮೂಗಿನ ಮೇಲೆ ಹೊಸ ಚಾಳೀಸು ಏರಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದನು; ಸಾವಕ್ಕ ಪಕ್ಕದಲ್ಲಿ ಎಲೆ ಜಗಿಯುತ್ತಿದ್ದಳು. ಶಿವಯೋಗಿ ಇಳಿದನು. ಜೀಪಿನ ಹಿಂದಿನ ಸೀಟಿನಲ್ಲಿ ಬಂದೂಕು ಚೀಲದೊಳಗಿತ್ತು. ಮುಂದಿನ ಸೀಟಿನಿಂದ ಸ್ನೇಹಾ ಇಳಿದಳು.

"ನಿಮ್ಮ ಕಾಯದೆ ಪ್ರಕಾರ ಕರಕೊಂಡ ಬಂದೇನ್ರಿ ಮಾವಾರ. ಕೇಳ್ರಿ ಆಕಿನ್ನ."

ಹುಚ್ಚೀರಪ್ಪನವರು ಮಗಳ ಮುಖ ನೋಡಿದರು. ಎಂಟು ತಿಂಗಳಾಗಿತ್ತು ಅದನ್ನು ನೋಡಿ.

"ಕೊಡ್ರಿ ಅಪ್ಪಾ" ಎಂದಳು ಸ್ನೇಹಾ, ಅವರು ಕೇಳುವ ಮೊದಲೇ.

"ಆತಲ್ರಿ?" ಎಂದನು ಶಿವಯೋಗಿ. "ಜಲ್ದಿ ಕೊಟ್ರ ಹೊಂಡತೀವಿ. ಊಟಾ ಗೀಟಾ ಬ್ಯಾಡ್ರಿ."

ಸ್ನೇಹಾ ನಡುಬಾಗಿಲಿಗೆ ಬಂದಳು. ತಾನು ಹುಟ್ಟಿ ಬೆಳೆದ ಮನೆಯ ಹೊಸ್ತಿಲನ್ನು ದಾಟದೆ, ಬಂದ ಗಿರಾಕಿಯ ಹೆಂಡತಿಯಂತೆ ಆಚೆಗೇ ನಿಂತು ಹೇಳಿದಳು: "ಯವ್ವಾ, ಸ್ವಲ್ಪ ನೀರ ಕೊಡು."

ಗುರುಸಿದ್ದವ್ವ ನೀರು ಕೊಟ್ಟಳು. ಸ್ನೇಹಾ ಕುಡಿದಳು.

"ಇನ್ನ ಸ್ವಲ್ಪ."

"ಒಳಗ ಬಾ. ಉಡಿ ತುಂಬತೀನಿ" ಎಂದಳು ಗುರುಸಿದ್ದವ್ವ.

ಬೇರೆ ಗಿರಾಕಿಗಳು ಅಂಗಡಿಯಲ್ಲೇ ನಿಲ್ಲುತ್ತಿದ್ದರು. ಅಳಿಯನಿಗೆ ಮನೆಯೊಳಗೆ ಬರಬೇಡವೆನ್ನುವವರು ಯಾರು? ಶಿವಯೋಗಿ ಹೆಂಡತಿಯ ಹಿಂದೆಯೇ ಬಂದು ದೇವರ ಕೋಣೆಯ ಬಾಗಿಲಿಗೆ ಕೈಯೂರಿ ನಿಂತನು. ವಾಣಿಶ್ರೀ ತಾಟು ಹಿಡಿದಳು. ಗುರುಸಿದ್ದವ್ವ ಒಂದು ಹಿಡಿ ಅಕ್ಕಿ ಹಾಕಿದಳು. ಮಗಳ ಬೆರಳುಗಳು ಸೆರಗಿನ ಅಂಚನ್ನು ಹಿಡಿದಿದ್ದ ಬಗೆ ನೋಡಿ ಎರಡನೆಯ ಹಿಡಿ ಹಾಕುವಾಗ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಮೂರನೆಯ ಹಿಡಿ ಹಾಕುತ್ತಿದ್ದಂತೆ, ಹಿಡಿ ಐದಾಗುವವರೆಗೆ ಕಾಯುವ ತಾಳ್ಮೆಯಿಲ್ಲದವಳಂತೆ, ಸ್ನೇಹಾ ತಾಟಿಗೆ ಕೈ ಚಾಚಿದಳು. ಕೊಬ್ಬರಿ ಬಟ್ಟಲು ತೆಗೆದುಕೊಂಡಳು. ಉತ್ತತ್ತಿ ತೆಗೆದುಕೊಂಡಳು. ಎಲೆ ಅಡಿಕೆ ತೆಗೆದುಕೊಂಡಳು. ಕೈ ಹಿಂದಕ್ಕೆ ಎಳೆದುಕೊಂಡಳು.

ಶಿವಯೋಗಿ ಎರಡು ಹೆಜ್ಜೆ ಒಳಗೆ ಬಂದು ಬಾಗಿ, ತಾಟಿನಲ್ಲಿ ಉಳಿದಿದ್ದ ಅರಿಶಿಣದ ಕೊಂಬನ್ನು ಎತ್ತಿ, ಹೆಂಡತಿಯ ಉಡಿಯಲ್ಲಿ ತಾನೇ ಇಟ್ಟನು.

"ಇದನ್ನ ಮರತಿ ನೋಡು" ಎಂದನು, ಎಂದಿನ ಮೆಲುದನಿಯಲ್ಲಿ. "ಇದು ಬಿಟ್ರ ನಿಮ್ಮವ್ವಾರು ಮತ್ತೇನರ ತಿಳಕೊಂಡಾರು. ಹೌದಿಲ್ಲೋ ವಾಣಿಶ್ರೀ? ಅವತ್ತ ಫೋನಿನ್ಯಾಗ ಎಷ್ಟ ಚಂದ ಹೇಳಿದಿ!"

ವಾಣಿಶ್ರೀಯ ಕೈಯಿಂದ ತಾಟು ಬಿದ್ದು ಕಲ್ಲಿನ ಮೇಲೆ ಗುಂಡಗೆ ತಿರುಗಿ ತಿರುಗಿ ನಿಂತಿತು.

"ಇನ್ನ ಎರಡ ಹಿಡಿ ಅಲ್ರಿ ಅತ್ತಿಯಾರ? ಹಾಕಿಬಿಡ್ರಿ. ಕೀಲಿ ತಗೀರಿ."

ನಾಲ್ಕನೆಯ ಹಿಡಿ ಗುರುಸಿದ್ದವ್ವನ ಮುಷ್ಟಿಯಲ್ಲಿತ್ತು. ಆಕೆ ಮಗಳ ಅರ್ಧ ತುಂಬಿದ ಉಡಿಯನ್ನು ನೋಡಿದಳು. ಅಟ್ಟದ ಮೇಲಿನ ತಂಬಿಗೆ ನೆನಪಾಯಿತು. ಮುಷ್ಟಿಯನ್ನು ಬುಟ್ಟಿಯ ಮೇಲೆ ಹಿಡಿದು, ಅಕ್ಕಿಯನ್ನು ಬುಟ್ಟಿಗೆ ಮರಳಿ ಸುರಿದಳು.

"ಈ ಅಕ್ಕಿ ಉಡಿಗೆ ಬರೂದಿಲ್ಲ" ಎಂದಳು. "ಚಲೋ ಅಕ್ಕಿ ತರಸಬೇಕು."

"ಮೂರ ಹಿಡಿ ಇದರಾಗಿಂದನ ಹಾಕೀರಲ್ರಿ."

"ಆಗ ಕಣ್ಣಿಗೆ ಕಾಣಲಿಲ್ಲ."

"ಎಂದ ಬರತಾವ್ರಿ ಚಲೋ ಅಕ್ಕಿ?"

"ಬಂದಾಗ. ಅಲ್ಲೀತನಕ ಕಪಾಟ ತಗಿಯೂದಿಲ್ಲ, ಅರ್ಧಾ ಉಡ್ಯಾಗ ನನ್ನ ಮಗಳು ಹೊಸ್ತಿಲಾ ದಾಟೂದಿಲ್ಲ."

ಶಿವಯೋಗಿಯ ಮುಖದ ಮೇಲಿನ ನಗೆ ಹೋಗಲಿಲ್ಲ, ಇದ್ದಲ್ಲೇ ಒಣಗಿತು. "ಎದ್ದ ಬಾ ಸ್ನೇಹಾ" ಎಂದನು.

ಸ್ನೇಹಾ ಏಳಹೊರಟಳು. ಅಷ್ಟರಲ್ಲಿ ನಡುಬಾಗಿಲಿನಿಂದ ಗಟ್ಟಿ ದನಿಯೊಂದು ಬಂತು. ತಾಟು ಬಿದ್ದ ಸದ್ದಿಗೆ ಸಾವಕ್ಕ ಎದ್ದು ಬಂದಿದ್ದಳು. ಅವಳ ಹಿಂದೆ ಲಕ್ಕಪ್ಪ, ದಸ್ತಗೀರಸಾಬ, ಎದುರು ಅಂಗಡಿಯ ಇಬ್ಬರು.

"ಅಯ್ಯ ಯಪ್ಪಾ! ಅರ್ಧಾ ಉಡ್ಯಾಗ ಎಬ್ಬಸ್ತೀರೇನ್ರಿ ಹೆಣ್ಮಗಳನ್ನ? ಗಂಡನ ಆಯುಷ್ಯಕ್ಕ ಕೇಡ್ರಿ ಅದು! ನಿಮ್ಮ ಮನ್ಯಾಗ ಹಿರೇರು ಇಲ್ಲೇನ್ರಿ ಹೇಳವ್ರು?"

ಹಿರೇವಡ್ಡಟ್ಟಿಯ ಮನೆಯಲ್ಲಿ ಶಿವಯೋಗಿಯ ತಾಯಿ ಇಂಥವನ್ನೆಲ್ಲ ಕಟ್ಟುನಿಟ್ಟಾಗಿ ನಡೆಸುವವಳು. ಅದು ಅವನಿಗೆ ಗೊತ್ತಿತ್ತು. ಗೊತ್ತಿದೆಯೆಂಬುದು ಗುರುಸಿದ್ದವ್ವನಿಗೂ ಗೊತ್ತಿತ್ತು. ಅವನು ಬಾಗಿಲಲ್ಲಿ ನಿಂತ ಮುಖಗಳನ್ನು ಒಂದೊಂದಾಗಿ ನೋಡಿದನು. ಸಿದ್ದಾರೂಢ ಮಂದಿಯನ್ನು ಸರಿಸಿ ಒಳಗೆ ಬಂದು, ತಂಗಿಗೂ ಅವನಿಗೂ ನಡುವೆ ನಿಂತನು.

"ಭಾವಾರ, ಆಕಿ ಇವತ್ತ ಇಲ್ಲೇ ಇರತಾಳ. ನೀವ ನಡೀರಿ."

"ನೀನರ ವ್ಯಾಪಾರಾ ಬಲ್ಲಾಂವ ಅಂತ ತಿಳದಿದ್ದೆ, ಸಿದ್ದಾರೂಢ."

"ನಾನೂ ಹಂಗ ತಿಳದಿದ್ದೆ."

ಶಿವಯೋಗಿ ಅಂಗಿಯ ತೋಳಿಗೆ ಅಂಟಿದ್ದ ಒಂದು ಅಕ್ಕಿ ಕಾಳನ್ನು ಎರಡು ಬೆರಳಿನಿಂದ ತೆಗೆದು, ಹೆಂಡತಿಯ ಉಡಿಗೆ ಹಾಕಿದನು. "ಹುಬ್ಬಳ್ಳ್ಯಾಗ ಅಂಗಡಿ ಅದಾವ್ರಿ ಅತ್ತಿಯಾರ. ಅಲ್ಲೆ ಯಾರೂ ಉಡಿ ತುಂಬೂದಿಲ್ಲ. ನಾಳಿ ಮುಂಜಾನೆ ಬರತೀನಿ. ಅಷ್ಟರಾಗ ಅಕ್ಕಿ ಬಂದಿರತಾವ ಬಿಡ್ರಿ."

ಅವನು ಹೋದನು. ಜೀಪಿನ ಬಾಗಿಲು ಬಡಿದುಕೊಂಡಿತು.

ಹುಚ್ಚೀರಪ್ಪನವರು ಅದುವರೆಗೆ ಅಂಗಡಿಯ ಗಾದಿಯಿಂದ ಎದ್ದಿರಲಿಲ್ಲ. ಈಗ ನಡುಬಾಗಿಲಿಗೆ ಬಂದು ಮಗಳನ್ನು ನೋಡುತ್ತ ನಿಂತರು. ಯಾರೂ ಅವಳನ್ನು ಏನೂ ಕೇಳಲಿಲ್ಲ. ವಾಣಿಶ್ರೀ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಬಿದ್ದ ತಾಟನ್ನು ಸಾವಕ್ಕ ಎತ್ತಿ, ಸೆರಗಿನಿಂದ ಒರಸಿ, ಸ್ನೇಹಾಳ ಮುಂದೆ ಇಟ್ಟಳು.

ಸ್ನೇಹಾ ತನ್ನ ಉಡಿಯ ಅಕ್ಕಿಯೊಳಗೆ ಕೈಯಿಟ್ಟು ಹುಡುಕಿದಳು. ಅರಿಶಿಣದ ಕೊಂಬು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಆಮೇಲೆ ತಂದೆಯ ಕಣ್ಣೆದುರಿಗೇ ತಾಟಿನ ನಡುವೆ ಇಟ್ಟಳು.

ಹುಚ್ಚೀರಪ್ಪನವರು ಅಂಗಡಿಗೆ ಹೋಗಿ ಒಂದು ಬಿಳಿ ಹಾಳೆ ತೆಗೆದರು. ಶಿವಯೋಗಿಯ ಲೈಸೆನ್ಸಿನ ಬಂದೂಕನ್ನು ಕೂಡಲೇ ಜಪ್ತು ಮಾಡಿಕೊಳ್ಳಬೇಕೆಂದು ಠಾಣೆಗೆ ಅರ್ಜಿ. 'ನನ್ನ ಅಳಿಯನಾದ' ಎಂದು ಬರೆದ ಮೇಲೆ ಲೇಖನಿ ನಿಂತಿತು. ಅವರು ಆ ಎರಡು ಶಬ್ದಗಳನ್ನು ಹೊಡೆದುಹಾಕಿ, 'ನನ್ನ ಮಗಳು ಸ್ನೇಹಾಳಿಗೆ' ಎಂದು ಮೊದಲಿನಿಂದ ಬರೆಯತೊಡಗಿದರು. ಬರೆದದ್ದನ್ನು ಒಯ್ಯಲು ಸಿದ್ದಾರೂಢ ಚಪ್ಪಲಿ ಮೆಟ್ಟಿ ನಿಂತಿದ್ದನು.

"ಯವ್ವಾ" ಎಂದಳು ಸ್ನೇಹಾ, ಮಣೆಯಿಂದ ಏಳದೆ. "ಬಾಗಲಾ ಹಾಕ್ತಿಯೇನು?"

ಗುರುಸಿದ್ದವ್ವ ಎದ್ದು ಹೊರಗಿಣುಕಿದಳು. ಹೊತ್ತು ಇಳಿಯುತ್ತಿತ್ತು. ಬಜಾರದ ತುದಿಯಲ್ಲಿ, ಗುಡಿಯತ್ತ ತಿರುಗುವ ಮೂಲೆಯಲ್ಲಿ, ಜೀಪು ನಿಂತಿತ್ತು. ಇಂಜಿನ್ನಿನ ಸದ್ದು ನಿಂತಿರಲಿಲ್ಲ. ಆಕೆ ಬಾಗಿಲು ಹಾಕಿ ಅಗಳಿ ಸರಿಸಿದಳು. ಮರಳಿ ಬಂದು, ಅಕ್ಕಿಯ ಬುಟ್ಟಿಯನ್ನು ದೂರ ತಳ್ಳಿ, ಮಗಳ ಪಕ್ಕದಲ್ಲಿ ಕುಳಿತಳು.

ಈ ಕಥೆಯನ್ನು ಕೇಳಿದ ಎಲ್ಲರ ಮನೆಯ ಹೊಸ್ತಿಲನ್ನು ಗಿರಿಜೆಯೊಡಗೂಡಿದ ಸೋಮನಾಥನು ಕಾಯಲಿ. ನೀರು ಬೇಡಿ ನಿಂತವಳಿಗೆ ನೀರಿನೊಡನೆ ಒಂದು ಮಾತು ಕೇಳುವ ಮನಸ್ಸು ನಿಮಗಿರಲಿ. ನಿಮ್ಮ ಹೆಣ್ಣುಮಕ್ಕಳು ಉಡಿ ತುಂಬಿಕೊಂಡು ಹೋದ ಮನೆಯಿಂದ ನಗುತ್ತ ಪಂಚಮಿಗೆ ಬರಲಿ, ನಗುತ್ತ ಮರಳಿ ಹೋಗಲಿ. ಸರ್ವರಿಗೂ ಮಂಗಳವಾಗಲಿ.